ಆತ್ಮ ಮಾರಿದವನಲ್ವಾ?

ನಾನು ಸ್ಲೈಡ್ ಗಿಟಾರ್ (ತಂತಿ ಮೇಲೆ ಕೊಳವೆ ಜಾರಿಸಿ ನುಡಿಸೋದು) ಬಾರಿಸುತ್ತೇನೆ, ಅಮೆರಿಕದ ಕರಿಯರ ಹಳೇ ಬ್ಲೂಸ್ ಹಾಡುಗಳ ಹುಚ್ಚು ಅಂತ ಬಾಯಿತಪ್ಪಿ ಹೇಳಿದರೆ ಸಾಕು. "ಓ, ಆ ರಾಬರ್ಟ್ ಜಾನ್ಸನ್! ನಾಲ್ಕು ದಾರಿ ಕೂಡೋ ಜಾಗದಲ್ಲಿ ದೆವ್ವಕ್ಕೆ ಆತ್ಮ ಮಾರಿ ಗಿಟಾರ್ ಕಲಿತವನಲ್ವಾ? ನಿಜಾನಾ?"

ಇಲ್ಲ. ಮಾರಿಲ್ಲ. ಇನ್ನು ಕೇಳಬೇಡಿ.

ಹೋದ ತಿಂಗಳು ನೆಂಟರ ಮನೆ ಗೃಹಪ್ರವೇಶದಲ್ಲಿ, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಚಿಕ್ಕಪ್ಪ ಇದೇ ಕಥೆ ಎತ್ತಿದರು. ಇಡೀ ಪಂಕ್ತಿ ಊಟ ಬಿಟ್ಟು ಕೇಳಿತು. ದೊಡ್ಡಮ್ಮ ಮಾತ್ರ, "ಎಷ್ಟಕ್ಕೆ ಮಾರಿದ್ನಂತೋ?" ಅಂದರು.

ಲೆಕ್ಕ ತಗೊಳ್ಳಿ ದೊಡ್ಡಮ್ಮ. 1936ರಲ್ಲಿ ಸ್ಯಾನ್ ಆಂಟೋನಿಯೊ, 1937ರಲ್ಲಿ ಡಲ್ಲಾಸ್, ಎರಡೂ ಕಡೆ ಸೇರಿ ರಾಬರ್ಟ್ ಹಾಡಿ ರೆಕಾರ್ಡ್ ಆಗಿದ್ದು 29 ಹಾಡು. ಉಳಿದ ದಿನವೆಲ್ಲ ಊರೂರು ಸುತ್ತಾಟ: ಬೀದಿ ಮೂಲೆಯಲ್ಲಿ ನಿಂತು ಜನ ಕೇಳಿದ್ದನ್ನೆಲ್ಲ ಹಾಡೋದು, ಚಿಲ್ಲರೆ ಎತ್ತಿಕೊಂಡು ಮುಂದಿನ ರೈಲು ಹತ್ತೋದು. 1938ರ ಆಗಸ್ಟ್‌ನಲ್ಲಿ, 27ಕ್ಕೇ, ಮಿಸಿಸಿಪಿಯ ಗ್ರೀನ್‌ವುಡ್ ಹತ್ತಿರ ಸತ್ತ. ಮರಣಪತ್ರದಲ್ಲಿ ಕಾರಣ ಬರೆಯುವ ಜಾಗದಲ್ಲಿ 'ಡಾಕ್ಟರ್ ಇಲ್ಲ' ಅಂತಿದೆ. ವ್ಯಾಪಾರ ಆಗಿದ್ದೇ ಹೌದಾದರೆ ಭಾರೀ ಟೋಪಿ.

ದೆವ್ವದ ಕಥೆ ಮೊದಲು ಇದ್ದದ್ದು ಟಾಮಿ ಜಾನ್ಸನ್ ಅನ್ನೋ ಇನ್ನೊಬ್ಬ ಬ್ಲೂಸ್ ಗಾಯಕನ ಹೆಸರಲ್ಲಿ, ಸಂಬಂಧಿಯೂ ಅಲ್ಲ. ನಾಲ್ಕು ದಾರಿ ಕೂಡೋ ಜಾಗದ ಮೇಲಿರುವ ರಾಬರ್ಟನ ಹಾಡಿನಲ್ಲಿ ದೆವ್ವವೇ ಇಲ್ಲ. ಮಂಡಿಯೂರಿ ದೇವರನ್ನು ಬೇಡುತ್ತಾನೆ. ಕೈ ತೋರಿಸಿದರೂ ಗಾಡಿ ನಿಲ್ಲಿಸುವವರಿಲ್ಲ, ಹೊತ್ತು ಮುಳುಗುತ್ತಿದೆ. ಆ ಕಾಲದ ಮಿಸಿಸಿಪಿಯಲ್ಲಿ ಕತ್ತಲಾದ ಮೇಲೆ ರಸ್ತೆಯಲ್ಲಿ ಒಂಟಿ ಕರಿಯ. ಹೆದರೋಕೆ ದೆವ್ವ ಯಾಕೆ ಬೇಕು?

ಭೀಮಸೇನ ಜೋಶಿಯವರೂ ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ರೈಲಿನಲ್ಲಿ ಹಾಡಿಕೊಂಡು ಅಲೆದರು. ಗದಗ ಜಂಕ್ಷನ್ನಿನಲ್ಲಿ ದೆವ್ವ ಸಿಕ್ಕಿತ್ತು ಅಂತ ಯಾರಾದರೂ ಅಂತಾರಾ? ಕಲಿತದ್ದು ಕುಂದಗೋಳದಲ್ಲಿ ಅಂತೀವಿ, ಗುರು ಸವಾಯಿ ಗಂಧರ್ವರು ಅಂತೀವಿ. ರಾಬರ್ಟನ ವಿಷಯದಲ್ಲಿ ಮಾತ್ರ "ಮೇಷ್ಟ್ರು ಯಾರು?" ಅಂತ ಒಬ್ಬರೂ ಕೇಳಲ್ಲ.

ಐಕ್ ಜಿಮ್ಮರ್‌ಮನ್.

ಮೊದಮೊದಲು ರಾಬರ್ಟ್ ಗಿಟಾರ್ ಮುಟ್ಟಿದರೆ ಜನ ಬೈಯುತ್ತಿದ್ದರು ಅಂತ ಹಿರಿಯ ಗಾಯಕ ಸನ್ ಹೌಸ್ ಹೇಳಿದ್ದುಂಟು. ಊರು ಬಿಟ್ಟು ಹೋದ, ವಾಪಸ್ ಬಂದಾಗ ಎಲ್ಲರ ಬಾಯಿ ಮುಚ್ಚಿಸಿದ. ನಡುವೆ ಇದ್ದದ್ದು ಈ ಐಕ್ ಮನೆಯಲ್ಲಿ. ರಾತ್ರಿ ಇಬ್ಬರೂ ಸ್ಮಶಾನಕ್ಕೆ ಹೋಗಿ ಗೋರಿಗಳ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದರು. ಯಾಕೆ ಅಂದರೆ, ಗಲಾಟೆ ಇಲ್ಲ!

ಸ್ಲೈಡ್ ಕಲಿಯೋಕೆ ಅಂಥಾ ಜಾಗವೇ ಬೇಕು. ನನ್ನ ಕೊಳವೆ ಪ್ಲಂಬಿಂಗ್ ಅಂಗಡಿಯಲ್ಲಿ ಕುಯ್ಯಿಸಿಕೊಂಡ ಸ್ಟೀಲ್ ಪೈಪಿನ ತುಂಡು, ಕಿರುಬೆರಳಿಗೆ. ತಂತಿಯನ್ನು ಒತ್ತಿ ಹಿಡಿಯುವ ಹಾಗಿಲ್ಲ, ಸುಮ್ಮನೆ ತಾಗಿಸಿ ಜಾರಿಸಬೇಕು, ಗೋಟುವಾದ್ಯದ ಹಾಗೆ. ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ, ಅಂದರೆ ಫ್ರೆಟ್ಟಿನ ಸರಿಯಾಗಿ ನೆತ್ತಿಯ ಮೇಲೆ ನಿಲ್ಲಬೇಕು. ಕೂದಲೆಳೆ ಆಚೀಚೆ ಆದರೆ ಬೇಸುರು. ರಾಬರ್ಟ್ ಸಾಲಿನ ಕೊನೆಯನ್ನು ಹಾಡದೆ ಬಿಟ್ಟು, ಅದನ್ನು ತಂತಿಯಿಂದ ಆಡಿಸುತ್ತಾನೆ. ನಾನು ಆರು ವರ್ಷದಿಂದ ಅದೊಂದನ್ನೇ ತೀಡುತ್ತಿದ್ದೇನೆ, ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ.

ಕೆಳಗಿನ ಮನೆಯವರು ಇನ್ನೂ ಬದುಕಿದ್ದಾರೆ. ಮೊನ್ನೆ ಮೇಲೆ ಬಂದಿದ್ದರು.