ಹಲಸು ಬಿದ್ದ ಸದ್ದು ಕೊನೆಗೂ ಬಂತು

ಬಂತು. ಎರಡೂವರೆ ತಿಂಗಳು ಒದ್ದಾಡಿದ ಮೇಲೆ ನನ್ನ ಕಿಕ್‌ಗೆ, ಅಂದರೆ ಎಲೆಕ್ಟ್ರಾನಿಕ್ ಡ್ರಮ್ಮಿನ ದಪ್ಪ 'ಧುಮ್' ಸದ್ದಿಗೆ, ತೂಕ ಬಂತು. ಕಾರಣ ಗೊತ್ತಾದಾಗ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಮರೆತವರಿಗೆ: ನಾನು ಕಟ್ಟುತ್ತಿರುವುದು ರೋಲ್ಯಾಂಡ್ ಟಿಆರ್-808 ಎಂಬ ಹಳೇ ಡ್ರಮ್ ಯಂತ್ರದ ಕಿಕ್ ಸರ್ಕ್ಯೂಟ್ ಒಂದನ್ನೇ. ಇಡೀ ಯಂತ್ರ ಕಟ್ಟುವಷ್ಟು ತಾಳ್ಮೆಯೂ ಇಲ್ಲ, ದುಡ್ಡೂ ಇಲ್ಲ. ತಲೆಗೆ ಹುಳ ಬಿಟ್ಟಿದ್ದು ಅಮೆರಿಕದ ರ‍್ಯಾಪ್ ತಂಡ ಬೀಸ್ಟಿ ಬಾಯ್ಸ್ ಅವರ 1986ರ ಆಲ್ಬಮ್ 'ಲೈಸೆನ್ಸ್ಡ್ ಟು ಇಲ್'. ಅದರಲ್ಲಿರುವ 'ಪಾಲ್ ರಿವೀರ್' ಹಾಡಿನಲ್ಲಿ 808ರ ಬಡಿತ ಹಿಂದುಮುಂದಾಗಿ ಕೇಳಿಸುತ್ತದೆ. ಮೊದಲು ಸದ್ದಿನ ಬಾಲ, ಆಮೇಲೆ ಏಟು. ಹಾಗೆ ತಿರುಗಿಸುವ ಐಡಿಯಾ ತಂಡದ ಆಡಮ್ ಯೌಕ್‌ನದು. ಆಗ ಅವನಿಗೆ ಇಪ್ಪತ್ತೆರಡು ವರ್ಷ. ನಿರ್ಮಾಪಕ ರಿಕ್ ರೂಬಿನ್‌ಗೆ ಇಪ್ಪತ್ತಮೂರು. ಡೆಫ್ ಜ್ಯಾಮ್ ಕಂಪನಿಯನ್ನು ಅವನು ಶುರು ಮಾಡಿದ್ದೇ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಹಾಸ್ಟೆಲ್ ರೂಮಿನಲ್ಲಿ. 1987ರ ಮಾರ್ಚ್‌ನಲ್ಲಿ ಈ ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ರ‍್ಯಾಪ್ ಆಲ್ಬಮ್ ಒಂದು ಅಲ್ಲಿಗೆ ಏರಿದ್ದು ಅದೇ ಮೊದಲು. 2015ರಲ್ಲಿ ಅಮೆರಿಕದಲ್ಲಿ ಒಂದು ಕೋಟಿ ಪ್ರತಿಯ ಡೈಮಂಡ್ ಗೌರವವೂ ಸಿಕ್ಕಿತು. ಹಾಸ್ಟೆಲ್ ರೂಮಿನಿಂದ ಅವರು ಅಷ್ಟು ದೂರ ಹೋದರು. ಮಡಿಕೇರಿಯ ನನ್ನ ರೂಮಿನಲ್ಲಿ ಬೆಳೆದಿದ್ದು ಬೂಷ್ಟು ಮಾತ್ರ.

ಸರಿ, ಸಮಸ್ಯೆಗೆ ಬರೋಣ. ಮೇ ತಿಂಗಳಲ್ಲಿ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಬಿಡಿಭಾಗ ಚುಚ್ಚಿ ಜೋಡಿಸುವ ಹಲಗೆ) ಮೇಲೆ ಚೆನ್ನಾಗಿಯೇ ಬಡಿಯುತ್ತಿತ್ತು. ಅದನ್ನು ವೆರೋಬೋರ್ಡಿಗೆ ಬೆಸುಗೆ ಹಾಕಿದ್ದು ಜೂನ್ ಎರಡನೇ ವಾರ. ಅಷ್ಟೊತ್ತಿಗೆ ಮಳೆ ಹಿಡಿದಿತ್ತು. ಆನ್ ಮಾಡಿದರೆ 'ಟಪ್' ಅಂತ ಒಂದು ಸದ್ದು. 808 ಕಿಕ್ ಅಂದರೆ ಹಸಿ ನೆಲಕ್ಕೆ ಹಲಸಿನ ಹಣ್ಣು ಬಿದ್ದ ಹಾಗಿರಬೇಕು. ಇದು ತಗಡಿನ ಮೇಲೆ ಅಡಿಕೆ ಬಿದ್ದ ಹಾಗಿತ್ತು.

ಲೆಕ್ಕ ಸರಿಯಿತ್ತು. ಕಿಕ್‌ನ ಶ್ರುತಿ ನಿರ್ಧರಿಸುವ ಬ್ರಿಡ್ಜ್ಡ್-ಟಿ ಜಾಲದಲ್ಲಿ 15 ನ್ಯಾನೋಫ್ಯಾರಡ್‌ನ ಎರಡು ಕೆಪಾಸಿಟರ್, ಮೇಲೆ 1 ಮೆಗಾಓಮ್ (ಹತ್ತು ಲಕ್ಷ ಓಮ್) ರೆಸಿಸ್ಟರ್, ಕೆಳಗೆ ಸುಮಾರು 54 ಕಿಲೋಓಮ್‌ನದು. ಇದಕ್ಕೆ 46 ಹರ್ಟ್ಸ್ ಬರಬೇಕು. ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ 59. ಸದ್ದಿನ ಬಾಲ ಹೊಂದಿಸುವ ಡಿಕೇ ನಾಬ್ ಪೂರ್ತಿ ತಿರುಗಿಸಿದರೂ ಬಾಲ ಉದ್ದವಾಗುತ್ತಿರಲಿಲ್ಲ.

ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಇದಕ್ಕೆ ಕಾರಣವೂ ಇತ್ತು. ನಾನು ಕೇಳಿದ್ದು ಪಾಲಿಯೆಸ್ಟರ್, ಆನ್‌ಲೈನ್ ವ್ಯಾಪಾರಿ ಕಳಿಸಿದ್ದು ಸೆರಾಮಿಕ್. ಫೋನ್ ಮಾಡಿದರೆ 'ಎರಡೂ ಒಂದೇ ಸಾರ್, ಬಣ್ಣ ಮಾತ್ರ ಬೇರೆ' ಅನ್ನಬೇಕೇ! ಬದಲಿ ಪಾರ್ಸೆಲ್ ಬರಲು ಹನ್ನೊಂದು ದಿನ ಹಿಡಿಯಿತು. 'ಮಳೆ ಜಾಸ್ತಿ, ನೀವೇ ಬಸ್ ಸ್ಟ್ಯಾಂಡ್ ಹತ್ತಿರ ಬನ್ನಿ' ಅಂದ ಕೊರಿಯರ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಆ ಮಳೆಯಲ್ಲಿ ನಾನಾದರೂ ಬರುತ್ತಿರಲಿಲ್ಲ. ಹೊಸ ಕೆಪಾಸಿಟರ್ ಹಾಕಿದೆ. 58. ಸಿಗ್ನಲ್ ಹಿಗ್ಗಿಸುವ ಚಿಪ್ಪು, ಆಪ್‌ಆಂಪ್, ಬದಲಿಸಿದೆ. 60. ಇನ್ನೊಂದು ಬದಲಿಸಿದೆ, ಆ ದಿನ ಬಿಸಿಲು ಸ್ವಲ್ಪ ಇಣುಕಿತ್ತು, 53. ಅಲ್ಲೇ ಗೊತ್ತಾಗಬೇಕಿತ್ತು ನನಗೆ. ಹೊಸ ಚಿಪ್‌ನ ಪ್ರಭಾವ ಅಂದುಕೊಂಡು ಅದೇ ಮಾದರಿಯ ನಾಲ್ಕು ಚಿಪ್ ತರಿಸಿದೆ. ಈಗ ಡಬ್ಬಿಯಲ್ಲಿ ಸುಮ್ನೆ ಕೂತಿವೆ.

ವ್ಯಾಪಾರಿಗಳ ವಿಷಯ ಬಂದಾಗ ಒಂದು ನೆನಪಾಯಿತು. ರೋಲ್ಯಾಂಡ್ ಸ್ಥಾಪಕ ಇಕುತಾರೋ ಕಾಕೆಹಾಶಿ 808ರ ಸುಂಯ್ ಸದ್ದಿಗಾಗಿ ಬೇಕೆಂದೇ ದೋಷವಿರುವ ಟ್ರಾನ್ಸಿಸ್ಟರ್ ಕೊಂಡಿದ್ದ. ಮುಂದೆ ತಯಾರಿಕೆ ಸುಧಾರಿಸಿ ಅಂಥ ಕೆಟ್ಟ ಮಾಲು ಸಿಗದಂತಾಯಿತು. 1980ರಲ್ಲಿ ಶುರುವಾದ ಯಂತ್ರ 1983ಕ್ಕೆ ನಿಂತೇಹೋಯಿತು. ಮಾಡಿದ್ದು ಸುಮಾರು 12,000 ಅಷ್ಟೇ. ಪಾಪ, ಕಾಕೆಹಾಶಿಗೆ ನನ್ನ ವ್ಯಾಪಾರಿಯ ಪರಿಚಯ ಇರಲಿಲ್ಲ. ಇವನು ಕೇಳದೆಯೇ ಕಳಿಸುತ್ತಾನೆ.

ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪು ತಿನ್ನುವ ದಿನ. ಬೆಳಿಗ್ಗೆಯಿಂದ ಕರೆಂಟಿಲ್ಲ. ಯುಪಿಎಸ್ ಪ್ಲಗ್ ಇರುವುದು ಅಡುಗೆಮನೆಯಲ್ಲಿ ಒಂದೇ. ಅವ್ವ ಒಲೆಯ ಮೇಲೆ ಮದ್ದುಸೊಪ್ಪಿನ ಪಾಯಸಕ್ಕೆ ಇಟ್ಟಿದ್ದರು. ನಾನು ಬೋರ್ಡ್ ಹಿಡಿದುಕೊಂಡು ಒಲೆ ಪಕ್ಕದ ಮಣೆಯ ಮೇಲೆ ಕೂತೆ. ಮೊದಲು ಅದೇ ಅಡಿಕೆ. ಪಾಯಸ ನೇರಳೆ ಬಣ್ಣಕ್ಕೆ ತಿರುಗಿ, ನಾನು ಒಂದು ಬಟ್ಟಲು ತಿಂದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಸುಮ್ನೆ ಗುಂಡಿ ಒತ್ತಿದೆ.

ಧುಮ್ಮ್ಮ್.

'ಹಿತ್ತಿಲಲ್ಲಿ ಏನೋ ಬಿತ್ತು, ನೋಡು ಮಗ' ಅಂದರು ಅವ್ವ.

ಆಪ್‌ಆಂಪ್ ಕಿತ್ತು ಮಲ್ಟಿಮೀಟರ್ ಹಿಡಿದೆ. 1 ಮೆಗಾಓಮ್ ರೆಸಿಸ್ಟರ್ ಒಲೆ ಪಕ್ಕದಲ್ಲಿ 9.6 ಲಕ್ಷ ಓಮ್ ತೋರಿಸಿತು. ರೂಮಿಗೆ ಒಯ್ದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ 6 ಲಕ್ಷ! ರೆಸಿಸ್ಟರ್ ತಪ್ಪಲ್ಲ. ಬೆಸುಗೆಗೆ ಅಂತ ಹಾರ್ಡ್‌ವೇರ್ ಅಂಗಡಿಯಿಂದ ತಂದ ಅಗ್ಗದ ಪೇಸ್ಟಿನ ಜಿಡ್ಡು ಬೋರ್ಡ್ ತುಂಬ ಉಳಿದಿತ್ತು. ಕೊಡಗಿನ ಮಳೆಗಾಲದಲ್ಲಿ ಅದು ತೇವ ಹೀರಿಕೊಂಡು ತಾನೇ ಒಂದು ರೆಸಿಸ್ಟರ್ ಆಗಿಬಿಟ್ಟಿತ್ತು, ನನ್ನ 1 ಮೆಗಾಓಮ್‌ಗೆ ಸಮಾನಾಂತರವಾಗಿ. ಮೇಲಿನ ರೆಸಿಸ್ಟರ್ ಇಳಿದರೆ ಶ್ರುತಿ ಏರುತ್ತದೆ, ಬಾಲ ಗಿಡ್ಡವಾಗುತ್ತದೆ. 10ರಿಂದ 6ಕ್ಕೆ ಇಳಿದರೆ ಸರಿಯಾಗಿ 59 ಹರ್ಟ್ಸ್. ಲೆಕ್ಕ ಮೊದಲಿನಿಂದಲೂ ಸರಿಯಾಗಿಯೇ ಹೇಳುತ್ತಿತ್ತು. ಬ್ರೆಡ್‌ಬೋರ್ಡಿಗೆ ಪೇಸ್ಟೂ ಇರಲಿಲ್ಲ, ಮಳೆಯೂ ಇರಲಿಲ್ಲ.

ತೊಳೆಯಬೇಕು. ಮನೆಯಲ್ಲಿ ಉಳಿದಿದ್ದ ಸ್ಯಾನಿಟೈಸರ್ ಸುರಿದೆ. ಯಾರೂ ಹೀಗೆ ಮಾಡಬೇಡಿ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅದೂ ತೇವ ಹಿಡಿಯುತ್ತದೆ. ಮರುದಿನ ಮೀಟರ್ 4 ಲಕ್ಷ ತೋರಿಸಿತು. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹುಡುಕಿ ತಂದು, ಹಳೇ ಟೂತ್‌ಬ್ರಶ್‌ನಲ್ಲಿ ಮೂರು ಸಲ ಉಜ್ಜಿ, ಒಲೆ ಹತ್ತಿರ ಒಂದು ದಿನ ಒಣಗಿಸಿ, ಮೇಲೆ ಅಕ್ಕನ ನೇಲ್ ಪಾಲಿಶ್ ಬಳಿದೆ. ಎರಡು ಕೋಟ್. ಬಣ್ಣ ಗುಲಾಬಿ. ಅವಳು ಇನ್ನೂ ಮಾತಾಡುತ್ತಿಲ್ಲ. ಆಮೇಲೆ ಐದು ದಿನ ಬಿಡದೆ ಮಳೆ ಹೊಡೆಯಿತು. ಕಿಕ್ 46ರಿಂದ ಅಲ್ಲಾಡಲಿಲ್ಲ.

ಈಗ ಮುಂದಿನದು. ಇದೇ ಸರ್ಕ್ಯೂಟಿನಲ್ಲಿ ಕೆಪಾಸಿಟರ್ 2.2 ನ್ಯಾನೋಫ್ಯಾರಡ್‌ಗೆ ಇಳಿಸಿದರೆ ಸುಮಾರು 311 ಹರ್ಟ್ಸ್ ಆಗುತ್ತದೆ. ನಮ್ಮ ಕೊಡಗಿನ ಪುಟ್ಟ ಡೋಲು ದುಡಿಯ ಸದ್ದಿಗೆ ಅಲ್ಲಿಂದ ಶುರು ಮಾಡಬಹುದು ಅಂತ ನನ್ನ ಅಂದಾಜು. ಕೊಡವರ ಜನಪದ ಹಾಡು ಬಾಳೊಪಾಟ್ ಹಾಡಲು ನಾಲ್ವರು ದುಡಿ ಹಿಡಿದು ಕೂರುತ್ತಾರೆ, ಅಲ್ವಾ? ನನಗೂ ನಾಲ್ಕು ಬೋರ್ಡ್ ಬೇಕು, ನಾಲ್ಕರ ಶ್ರುತಿಯೂ ಕೂದಲೆಳೆಯಷ್ಟು ಬೇರೆ ಇರಬೇಕು. ಹಾಗಾದರೆ ಸೆರಾಮಿಕ್ ಕೆಪಾಸಿಟರ್‌ಗಳೇ ಸರಿ. ಯಾವ ಎರಡರ ಅಳತೆಯೂ ಒಂದೇ ಇರುವುದಿಲ್ಲ. ಬೇಕಾದಷ್ಟಿವೆ, ವ್ಯಾಪಾರಿಯ ದಯೆ. ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಒಳಗೆ ಮುಗಿಸುವ ಆಸೆ. ನೇಲ್ ಪಾಲಿಶ್ ಮಾತ್ರ ಈ ಸಲ ನಾನೇ ಕೊಳ್ಳುತ್ತೇನೆ.

ಕಿಕ್ ತಿರುಗಿಸುವ ಕೆಲಸ ನಿನ್ನೆ ರಾತ್ರಿ ಆಯಿತು. ನಿಜವಾದ ಟೇಪಿನಲ್ಲೇ ಮಾಡಬೇಕೆಂದಿದ್ದೆ. ನಾಲ್ಕು ಟ್ರ್ಯಾಕ್‌ನ ಕ್ಯಾಸೆಟ್ ರೆಕಾರ್ಡರ್ ಸಿಕ್ಕಿದ್ದರೆ ಕ್ಯಾಸೆಟ್ ಮಗುಚಿ ಹಾಕಿದರೆ ಸಾಕಿತ್ತು. ಸಿಗಲಿಲ್ಲ, ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿ ಕಳ್ಳಾಟ ಆಡಿದೆ. ಗುಂಯ್ ಅಂತ ದೂರದಿಂದ ಉಬ್ಬಿ ಬಂದು ಟಕ್ ಅಂತ ನಿಂತಿತು. ಅವ್ವನನ್ನು ಕರೆದು ಕೇಳಿಸಿದೆ. ಎರಡು ಸಲ ಹಾಕಿಸಿಕೊಂಡರು.

'ಇದು ಬಿದ್ದ ಹಲಸು ವಾಪಸ್ ಮರ ಹತ್ತಿದ ಹಾಗುಂಟಲ್ಲ' ಅಂದರು.