ಮಲೆನಾಡಲ್ಲಿ ಮನೆ ಹುಡುಕೋಕೆ ಆಷಾಢದಲ್ಲೇ ಹೋಗಿ

ರಿಟೈರ್ ಆದಮೇಲೆ ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಪುಟ್ಟ ಮನೆ ಮಾಡಿಕೊಂಡು ಇದ್ದುಬಿಡಬೇಕು ಅನ್ನುವ ಆಸೆ ಬೆಂಗಳೂರಲ್ಲಿ ಎಷ್ಟೋ ಜನರಿಗಿದೆ. ನಮಗೂ ಇದೆ. ನಾನು ಹೈಸ್ಕೂಲ್ ಟೀಚರ್ ಆಗಿದ್ದವಳು, ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದವರು. ಪಿಂಚಣಿ ಬರುತ್ತದೆ, ಕೈಯಲ್ಲಿ ಸ್ವಲ್ಪ ಉಳಿತಾಯವೂ ಇದೆ. ಆದರೆ ತೋಟ, ಬಂಗಲೆ ಕೊಳ್ಳುವಷ್ಟಿಲ್ಲ. ಅವರಿಗೆ ಆಸ್ತಮಾ, ನನಗೆ ಮಂಡಿನೋವು. ಇದನ್ನೆಲ್ಲ ಮುಂದಿಟ್ಟುಕೊಂಡೇ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಸುತ್ತಿ ಬಂದೆವು. ಇದೇ ಯೋಚನೆಯಲ್ಲಿ ಇರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು, ಮನೆ ನೋಡಲು ಡಿಸೆಂಬರ್‌ನಲ್ಲಿ ಹೋಗಬೇಡಿ. ಆಗ ಬಿಸಿಲು ಹಿತವಾಗಿರುತ್ತದೆ, ಕಾಫಿ ಹಣ್ಣಾಗಿರುತ್ತದೆ, ಯಾವ ಮನೆ ನೋಡಿದರೂ ಇಲ್ಲೇ ಇರೋಣ ಅನ್ನಿಸುತ್ತದೆ. ನಾವು ಬೇಕಂತಲೇ ಜುಲೈನಲ್ಲಿ ಹೋದೆವು. ಪುನರ್ವಸು ಮಳೆ ಹಿಡಿದುಕೊಂಡಿತ್ತು. ಸೋರುವ ಮಾಡು, ಕೆಸರಿನ ರಸ್ತೆ, ಕರೆಂಟ್ ಹೋದರೆ ಬರಲು ಎಷ್ಟು ಹೊತ್ತು ಬೇಕು, ಎಲ್ಲವೂ ಆಗ ತಾನಾಗಿಯೇ ಗೊತ್ತಾಗುತ್ತದೆ.

ಹಾಸನದಿಂದ ಶುರು ಮಾಡಿದೆವು. ಊರು ಸುಮಾರು 970 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲೂ ರಾತ್ರಿ ತಂಪು. ಮಳೆ ಬರುತ್ತದೆ, ಆದರೆ ಜಡಿ ಹಿಡಿದು ತಿಂಗಳುಗಟ್ಟಲೆ ಬಿಡದೆ ಸುರಿಯುವುದಿಲ್ಲ. ಇದು ಅರೆಮಲೆನಾಡು. ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಎಲ್ಲರೂ ಹಿಮ್ಸ್ ಅನ್ನುತ್ತಾರಲ್ಲ, ಊರೊಳಗೇ ಇದೆ. ಖಾಸಗಿ ಆಸ್ಪತ್ರೆಗಳೂ ಇವೆ. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು 2017ರಿಂದ ಓಡುತ್ತಿದೆ. ಮಕ್ಕಳು ಬೆಂಗಳೂರಲ್ಲಿ ಇರುವವರಿಗೆ ಇದು ದೊಡ್ಡ ಅನುಕೂಲ. ಬಡಾವಣೆಗಳಲ್ಲಿ ಎರಡು ಬೆಡ್‌ರೂಮಿನ ಮನೆಗೆ ನಮಗೆ ಹೇಳಿದ ಬಾಡಿಗೆ ಹತ್ತು ಸಾವಿರದ ಆಸುಪಾಸು. ಬೆಂಗಳೂರಿನ ಬಾಡಿಗೆ ಕಟ್ಟಿದವರಿಗೆ ಇದು ಕಡಿಮೆಯೇ. ಬೆಟ್ಟ ಮಾತ್ರ ಕಿಟಕಿಗೆ ಕಾಣುವುದಿಲ್ಲ. ಅದು ಬೇಕೇ ಬೇಕು ಅನ್ನುವವರು ಮುಂದೆ ಹೋಗಬೇಕು.

ಸಕಲೇಶಪುರ ಹಾಸನದಿಂದ ನಲವತ್ತು ಕಿಲೋಮೀಟರ್ ಅಷ್ಟೇ. ಆದರೆ ಆ ದಾರಿಯಲ್ಲಿ ಮಳೆಯ ಸ್ವಭಾವವೇ ಬದಲಾಗಿಬಿಡುತ್ತದೆ. ಹೇಮಾವತಿ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಊರು ಮುದ್ದಾಗಿದೆ, ಪೇಟೆ ಚೆನ್ನಾಗಿದೆ, ರೈಲು ಇದೆ. ಮನಸ್ಸು ಇಲ್ಲೇ ನಿಂತುಬಿಟ್ಟಿತ್ತು. ಆದರೂ ಎರಡು ವಿಷಯ ನೋಡಿ ಹಿಂದೆ ಸರಿದೆವು.

ಒಂದು, ಮಂಗಳೂರಿಗೆ ಇಳಿಯುವ ಘಾಟಿ ರಸ್ತೆ. ಇಲ್ಲಿಯವರು ದೊಡ್ಡ ಕಾಯಿಲೆಗೆ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವುದು ಹೆಚ್ಚು. 2024ರ ಜುಲೈನಲ್ಲಿ ದೊಡ್ಡತಪ್ಪಲು ಹತ್ತಿರ ಮಣ್ಣು ಕುಸಿದು ಹೆದ್ದಾರಿಯೇ ನಿಂತಿತ್ತು. ಅದೇ ತಿಂಗಳು ಎಡಕುಮೇರಿ ಹತ್ತಿರ ಹಳಿಯ ಪಕ್ಕದ ಗುಡ್ಡ ಜಾರಿ ರೈಲೂ ನಿಂತಿತು. ಮಳೆಗಾಲದಲ್ಲಿ ಮಂಗಳೂರನ್ನು ನಂಬಿಕೊಂಡು ಕೂರುವ ಹಾಗಿಲ್ಲ, ಹಾಸನದ ಕಡೆ ಬರುವುದೇ ದಾರಿ ಅಂತ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ಆನೆ. ಊರ ಹೊರಗೆ ತೋಟದ ಪಕ್ಕ ಒಂದು ಮನೆ ನೋಡಲು ಹೋಗಿದ್ದೆವು. ಬೆಲೆ ಪೇಟೆಗಿಂತ ತುಂಬ ಕಡಿಮೆ. ಪಕ್ಕದ ಮನೆಯವರು ಕಾಫಿ ಕೊಟ್ಟು ತಮ್ಮ ಫೋನ್ ತೋರಿಸಿದರು. ಬೆಳಗಿನ ಮೆಸೇಜುಗಳೆಲ್ಲ ಆನೆಯದ್ದೇ. ಯಾವ ತೋಟದಲ್ಲಿ ನಿಂತಿದೆ, ಯಾವ ರಸ್ತೆ ದಾಟುತ್ತಿದೆ, ಮಕ್ಕಳನ್ನು ಸ್ಕೂಲಿಗೆ ಯಾವ ದಾರಿಯಲ್ಲಿ ಕಳಿಸಬೇಕು. ಅವರು ಅದನ್ನು ಓದಿಕೊಂಡೇ ಹಾಲಿಗೆ ಹೋಗುವುದಂತೆ. "ಅಕ್ಕ, ಸಂಜೆ ಆರರ ಮೇಲೆ ನಾವು ಯಾರೂ ನಡೆದು ಓಡಾಡಲ್ಲ. ನೀವು ವಾಕಿಂಗ್ ಅಂತ ಹೊರಟರೆ ಕಷ್ಟ" ಅಂದರು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ತೋಟದ ಊರುಗಳಲ್ಲಿ ಇದು ದಿನನಿತ್ಯದ ಮಾತು. ಅಲ್ಲೇ ಹುಟ್ಟಿ ಬೆಳೆದವರಿಗೇ ಇದು ಜೀವ ಹಿಂಡುವ ವಿಷಯ. ಅರವತ್ತು ದಾಟಿದ ಮೇಲೆ ಹೊಸದಾಗಿ ಬರುವವರು ಒಂಟಿ ಮನೆ ಹಿಡಿಯಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೂಡಿಗೆರೆ ಕಡೆ ಒಂದು ಹೋಂಸ್ಟೇಯಲ್ಲಿ ಉಳಿದಿದ್ದೆವು. ಮಲಗುವ ಕೋಣೆಯ ಬೀರು ತೆಗೆದರೆ ಒಳಗೆ ಹಳೇ ಕಾಲದ ಹಳದಿ ಬಲ್ಬು ಉರಿಯುತ್ತಿತ್ತು. ಬಟ್ಟೆಗೆ ಬೂಷ್ಟು ಹಿಡಿಯಬಾರದು ಅಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಹಗಲು ರಾತ್ರಿ ಉರಿಸುತ್ತಾರಂತೆ. ಹಾಗೆ ಮಾಡಿದರೂ ಮೂಲೆಯಲ್ಲಿದ್ದ ಚರ್ಮದ ಚಪ್ಪಲಿ ಹಸಿರು ಬಂದಿತ್ತು. ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಗಳದಲ್ಲಿ, ಎಲ್ಲಕ್ಕೂ ಸಣ್ಣಗೆ ಹೊಗೆ ವಾಸನೆ. ಅಕ್ಕಿ ಕಡುಬು, ಕಳಲೆ ಪಲ್ಯ ತಿಂದು ನನಗಂತೂ ಸ್ವರ್ಗ ಅನ್ನಿಸಿತು. ಯಜಮಾನರು ಮಾತ್ರ ರಾತ್ರಿ ಎದ್ದು ಕೂತು ಇನ್‌ಹೇಲರ್ ತೆಗೆದುಕೊಂಡರು. ಉಸಿರಾಟದ ತೊಂದರೆ, ಸಂಧಿವಾತ ಇರುವವರು ಜಡಿಮಳೆಯ ಊರಲ್ಲಿ ಒಂದು ವಾರವಾದರೂ ಮಲಗಿ ಎದ್ದು ನೋಡದೆ ಅಡ್ವಾನ್ಸ್ ಕೊಡಲೇಬೇಡಿ.

ಅಲ್ಲೇ ಒಬ್ಬ ಬ್ರೋಕರ್ ನಮಗೆ ಒಂದು ಸೈಟ್ ತೋರಿಸಿದರು. ಎದುರಿಗೆ ಕಣಿವೆ, ಮಂಜು, ನೋಡಿದವರು ಮರುಳಾಗಬೇಕು. ನಾನು ಹಿಂದೆ ತಿರುಗಿ ನೋಡಿದೆ. ಜೆಸಿಬಿಯಲ್ಲಿ ಗುಡ್ಡ ಕಡಿದು ಬಿಟ್ಟ ಮಣ್ಣಿನ ಗೋಡೆ, ಇಲ್ಲಿ ಅದನ್ನು ಧರೆ ಅನ್ನುತ್ತಾರೆ, ಎರಡಾಳು ಎತ್ತರ ನೇರ ನಿಂತಿತ್ತು, ಬುಡದಿಂದ ನೀರು ಒಸರುತ್ತಿತ್ತು. 2019ರ ಆಗಸ್ಟ್ ಮಳೆಯಲ್ಲಿ ಇದೇ ತಾಲ್ಲೂಕಿನ ಗುಡ್ಡದ ಬದಿಯ ಮನೆಗಳು ಹೇಗೆ ಹೋದವು, ಚಾರ್ಮಾಡಿ ಘಾಟಿ ಹೇಗೆ ಕುಸಿಯಿತು ಅಂತ ಊರಿನವರನ್ನು ಕೇಳಿದರೆ ಹೇಳುತ್ತಾರೆ. ಮಲೆನಾಡಲ್ಲಿ ಮನೆಯ ಮುಂದಿನ ನೋಟಕ್ಕಿಂತ ಹಿಂದಿನ ಧರೆ ಮುಖ್ಯ. ಧರೆ ಕಡಿದು ಎಷ್ಟು ಮಳೆಗಾಲ ಆಯ್ತು, ನೀರು ಹರಿಯಲು ಚರಂಡಿ ಇದೆಯಾ, ಮೇಲಿನ ಗುಡ್ಡದಲ್ಲಿ ಮರ ಉಳಿದಿದೆಯಾ, ಇಷ್ಟು ನೋಡಲೇಬೇಕು.

ಜಮೀನು ಕೊಳ್ಳುವ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ತೆಗೆದುಕೊಳ್ಳಬಹುದು. ಹಾಗಾಗಿ ಬೆಂಗಳೂರಿನವರು ಅಂದರೆ ಸಾಕು, ಕಾಲು ಎಕರೆ, ಅರ್ಧ ಎಕರೆ ಅಂತ ತೋರಿಸಲು ಬರುತ್ತಾರೆ. ಆತುರ ಬೇಡ. ಪಹಣಿ, ಮ್ಯುಟೇಷನ್, ಇ.ಸಿ. (ಋಣಭಾರ ಪತ್ರ) ಮೂರನ್ನೂ ತೆಗೆಸಿ. ಜಮೀನಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಪಂಚಾಯ್ತಿ ವ್ಯಾಪ್ತಿಯ ಸೈಟಾದರೆ ಭೂ ಪರಿವರ್ತನೆ ಆದೇಶ, ಪಂಚಾಯ್ತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ಫಾರಂ 9 ಮತ್ತು 11 ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು 1978ರ ಪಿಟಿಸಿಎಲ್ ಕಾಯ್ದೆಗೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಅದು ಮೂಲದವರಿಗೇ ವಾಪಸ್ ಹೋಗುತ್ತದೆ, ಅದು ನ್ಯಾಯವೂ ಹೌದು. ಅರಣ್ಯ ಕಾಯ್ದೆಯ ಸೆಕ್ಷನ್ 4, ಡೀಮ್ಡ್ ಫಾರೆಸ್ಟ್, ಸೊಪ್ಪಿನಬೆಟ್ಟ ಅಂತ ಕಾಡಿಗೆ ಸಂಬಂಧಿಸಿದ ಮಾತು ಎಲ್ಲಾದರೂ ಕಿವಿಗೆ ಬಿದ್ದರೆ ಆ ಜಮೀನು ಬಿಟ್ಟುಬಿಡಿ. ವಯಸ್ಸಾದ ಮೇಲೆ ಕೋರ್ಟು, ತಾಲ್ಲೂಕು ಕಚೇರಿ ಅಲೆಯುವ ಶಕ್ತಿ ಯಾರಿಗಿದೆ?

ಕಾಗದಪತ್ರ ಸರಿ ಇದ್ದರೂ ನಾನು ಮೊದಲು ಬಾಡಿಗೆಗೇ ಇರಿ ಅನ್ನುತ್ತೇನೆ. ನಮ್ಮವರು ಬ್ಯಾಂಕಿನ ಲೆಕ್ಕ ಹಾಕಿ ತೋರಿಸಿದರು. ಪೋಸ್ಟ್ ಆಫೀಸಿನ ಸೀನಿಯರ್ ಸಿಟಿಜನ್ ಸ್ಕೀಮಿನಲ್ಲಿ 8.2 ಪರ್ಸೆಂಟ್ ಬಡ್ಡಿಗೆ 15 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಬರುತ್ತದೆ. ಅಂದರೆ ತಿಂಗಳಿಗೆ ಹತ್ತು ಸಾವಿರದ ಮೇಲೆ. ಬಾಡಿಗೆ ಅದರಲ್ಲೇ ಹೋಯ್ತು, ಅಸಲು ನಮ್ಮದೇ. ಮನೆ ಕಟ್ಟಲು ಅದರ ಎರಡು ಮೂರು ಪಟ್ಟು ಸುರಿದು, ಮುಂದೆ ಮಕ್ಕಳ ಹತ್ತಿರ ಹೋಗಬೇಕಾಗಿ ಬಂದಾಗ ಮಾರಲು ಆಗದೆ ಒದ್ದಾಡುವುದಕ್ಕಿಂತ ಇದು ವಾಸಿ ಅಲ್ವಾ?

ಚಿಕ್ಕಮಗಳೂರು ಪೇಟೆ ನೋಡಲು ಹೋದಾಗ ಶನಿವಾರ ಬಂದಿತ್ತು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೊರಟ ಕಾರುಗಳಿಂದ ರಸ್ತೆ ತುಂಬಿತ್ತು. ಊರಿನ ಸೌಲಭ್ಯ ಚೆನ್ನಾಗಿದೆ. ಈಗ ಇಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಹವೆ ಹಾಸನಕ್ಕಿಂತ ತಂಪು, ಬೆಟ್ಟ ಕಣ್ಣೆದುರಿಗೇ ಇದೆ. ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನದಲ್ಲಿ ಕನ್ನಡದಲ್ಲೇ ಪೂಜೆ ನಡೆಯುತ್ತದೆ, ನಿಂತು ಕೇಳಿದೆ, ಕಣ್ಣು ತುಂಬಿ ಬಂತು. ಆದರೆ ಪ್ರವಾಸಿಗರ ಊರಾದ ಕಾರಣ ಮನೆ ಬಾಡಿಗೆ, ಸೈಟ್ ಬೆಲೆ ಎರಡೂ ಹಾಸನಕ್ಕಿಂತ ಜಾಸ್ತಿಯೇ ಹೇಳಿದರು. ರೈಲು ಇದ್ದರೂ ಹಾಸನದಷ್ಟು ಇಲ್ಲ, ಕಡೂರಿಗೆ ಹೋಗಿ ಹತ್ತುವವರೇ ಹೆಚ್ಚು.

ಕೊಪ್ಪ, ಶೃಂಗೇರಿ ಕಡೆಗೆ ಹೋಗಿ ದೇವರ ದರ್ಶನ ಮಾಡಿ ಬಂದೆವು, ಮನೆ ನೋಡಲಿಲ್ಲ. ದೊಡ್ಡ ಆಸ್ಪತ್ರೆ ದೂರ. ಕೊಪ್ಪ, ಎನ್.ಆರ್. ಪುರದ ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯವೂ ಇದೆ. ಅಲ್ಲಿ ಇರುವವರು ಕಾಡಿಗೆ, ತೋಟಕ್ಕೆ ಹೋಗುವಾಗ ಈ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು.

ಕೊನೆಗೆ ನಮಗೆ ಒಪ್ಪಿದ್ದು ಬೇಲೂರು. ಪಟ್ಟಿಯಲ್ಲಿ ಇರಲೇ ಇಲ್ಲ, ಚಿಕ್ಕಮಗಳೂರಿನಿಂದ ವಾಪಸ್ ಬರುವಾಗ ಊಟಕ್ಕೆ ಇಳಿದೆವು. ಬೀದಿಗಳು ಸಮ, ನನ್ನ ಮಂಡಿಗೆ ಏರು ಇಳಿ ಇಲ್ಲ. ಹಾಸನ ಒಂದು ಕಡೆ ನಲವತ್ತು ಕಿಲೋಮೀಟರ್, ಚಿಕ್ಕಮಗಳೂರು ಇನ್ನೊಂದು ಕಡೆ ಇಪ್ಪತ್ತೈದು. ಎರಡೂ ಕಡೆಗೆ ಬಸ್ಸಿಗೆ ಕಾಯುವ ಕೆಲಸವೇ ಇಲ್ಲ, ಸರ್ಕಾರಿ ಸಾಮಾನ್ಯ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ನನಗೆ ಟಿಕೆಟ್ ಹಣವೂ ಇಲ್ಲ. ಚೆನ್ನಕೇಶವ ದೇವಸ್ಥಾನದಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಮನೆಯ ಕೆಳಗಿನ ಭಾಗಕ್ಕೆ ಏಳೂವರೆ ಸಾವಿರ ಕೇಳಿದರು. ಮನೆಯೊಡತಿ ಅಜ್ಜಿ ಮೊದಲು ಕೇಳಿದ್ದು ನಮ್ಮ ಬಿ.ಪಿ., ಶುಗರ್ ವಿಷಯ. ಆಮೇಲೆ ಯಾವ ಮೆಡಿಕಲ್ ಸ್ಟೋರಿನವರು ಮನೆಗೇ ತಂದುಕೊಡುತ್ತಾರೆ ಅಂತ ಅವರೇ ಹೇಳಿದರು. ಹನ್ನೊಂದು ತಿಂಗಳಿಗೆ ಅಗ್ರಿಮೆಂಟ್ ಮಾಡಿಕೊಂಡಿದ್ದೇವೆ.

ನೀವೂ ಹೊರಡುವುದಾದರೆ ಸೋಮವಾರದಿಂದ ಗುರುವಾರದೊಳಗೆ ಹೋಗಿ. ಹೋಂಸ್ಟೇ ದರವೂ ಆಗ ಕಡಿಮೆ. ಕೊಡೆ ಸಾಲದು, ಉದ್ದನೆಯ ರೈನ್‌ಕೋಟ್ ಬೇಕು. ಹುಲ್ಲು, ತೋಟಕ್ಕೆ ಇಳಿದರೆ ಉಂಬಳ (ಜಿಗಣೆ) ಹತ್ತುತ್ತವೆ, ಉಪ್ಪೋ ಸುಣ್ಣವೋ ಜೊತೆಗಿರಲಿ. ಪ್ರತಿ ಊರಲ್ಲೂ ತಾಲ್ಲೂಕು ಆಸ್ಪತ್ರೆಗೆ ಹೋಗಿ ಹೃದಯ ಜ್ಯೋತಿ ಯೋಜನೆಯ ಇಸಿಜಿ ವ್ಯವಸ್ಥೆ ನಡೆಯುತ್ತಿದೆಯಾ, ರಾತ್ರಿ ಡಾಕ್ಟರ್ ಇರುತ್ತಾರಾ ಅಂತ ವಿಚಾರಿಸಿ. ಕರೆಂಟಿನ ವಿಷಯ ಹಾಸನ ಜಿಲ್ಲೆಯಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ ನೋಡಿಕೊಳ್ಳುತ್ತವೆ. ಲೈನ್‌ಮನ್ ಎಷ್ಟು ದೂರದಿಂದ ಬರಬೇಕು ಅಂತ ಅಕ್ಕಪಕ್ಕದವರನ್ನು ಕೇಳಿ. ಮನೆ ಇಷ್ಟವಾದರೆ ಒಳಗೆ ನಿಂತು ಫೋನ್‌ನ ಸಿಗ್ನಲ್ ನೋಡಿ, ಮಳೆ ಜೋರಾಗಿದ್ದಾಗ ಇನ್ನೊಮ್ಮೆ ನೋಡಿ. 108ಕ್ಕೆ ಫೋನ್ ಹೋಗದ ಮನೆ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಬೇಡ.