ಮೂರನೇ ಸರ್ವರ್ ಬಂದ ದಿನ ನಿಂತ ಟೆಂಡರ್

ಶಿರಸಿಯಲ್ಲಿ ಅಡಿಕೆ ಟೆಂಡರ್ ಇರುವ ದಿನ, ಮಧ್ಯಾಹ್ನ ದರ ಹೊರಬೀಳುವ ಹೊತ್ತಿಗೆ ಸಿದ್ದಾಪುರ, ಯಲ್ಲಾಪುರದ ತನಕ ಎಲ್ಲರ ಕೈಯಲ್ಲೂ ಮೊಬೈಲ್. ಬೇಯಿಸಿದ ರಾಶಿ ಅಡಿಕೆ ಎಷ್ಟಾಯ್ತು, ಬಿಸಿಲಲ್ಲಿ ಒಣಗಿಸಿದ ಚಾಲಿ ಎಷ್ಟಾಯ್ತು ಅಂತ ನೋಡುವವರು ಐದೇ ನಿಮಿಷದಲ್ಲಿ ಮುಗಿಬೀಳುತ್ತಾರೆ. ಇಲ್ಲಿನ ಒಂದು ಸಹಕಾರಿ ಸಂಘದ ಟೆಂಡರ್ ತಾಣ ಆ ಹೊತ್ತಿಗೆ ಯಾವಾಗಲೂ ನಿಧಾನವಾಗುತ್ತಿತ್ತು. ಎರಡು ಅಪ್ಲಿಕೇಶನ್ ಸರ್ವರ್ ಸಾಲದೆಂದು ಅಂದು ಬೆಳಿಗ್ಗೆ ಮೂರನೆಯದನ್ನು, ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ ಸೇರಿಸಲಾಗಿತ್ತು. ಮಧ್ಯಾಹ್ನ ತಾಣ ನಿಧಾನವಾಗಲಿಲ್ಲ, ಪೂರ್ತಿ ನಿಂತಿತು.

ತಾಣದ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ ಲಾಗ್‌ನಲ್ಲಿ ಉದ್ದಕ್ಕೂ ಒಂದೇ ದೂರು: ಹೊಸ ಕನೆಕ್ಷನ್‌ಗೆ ಜಾಗ ಉಳಿದಿಲ್ಲ. ಲೆಕ್ಕ ಸರಳ. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100 ಕನೆಕ್ಷನ್, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು, ಉಳಿದದ್ದು 97. ಪ್ರತಿ ಅಪ್ಲಿಕೇಶನ್ ಸರ್ವರ್‌ನ ಪೂಲ್, ಅಂದರೆ ಅದು ತೆರೆದಿಡುವ ಕನೆಕ್ಷನ್‌ಗಳ ಗುಂಪು, 40. ಎರಡಿದ್ದಾಗ 80, ಮೂರಾದಾಗ 120. ಅಡಿಕೆ ಸುಲಿಯುವವರನ್ನು ಹೆಚ್ಚಿಸಿ ಬೇಯಿಸುವ ಹಂಡೆ ಒಂದೇ ಉಳಿಸಿಕೊಂಡ ಹಾಗೆ. ಮಿತಿಯನ್ನು 500ಕ್ಕೆ ಏರಿಸುವುದು ಪರಿಹಾರವಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ ಒಂದು ಪ್ರತ್ಯೇಕ ಪ್ರೋಸೆಸ್, ಮೆಮೊರಿಯೂ ಸಿಪಿಯುವೂ ಅದಕ್ಕೇ ಖರ್ಚಾಗುತ್ತದೆ. ನಡುವೆ ಕನೆಕ್ಷನ್‌ಗಳನ್ನು ಹಂಚಿ ಬಳಸುವ ಪಿಜಿಬೌನ್ಸರ್ ಹಾಕಿ, ಟ್ರಾನ್ಸಾಕ್ಷನ್ ಪೂಲಿಂಗ್‌ನಲ್ಲಿ (ಒಂದು ವ್ಯವಹಾರ ಮುಗಿದೊಡನೆ ಕನೆಕ್ಷನ್ ಇನ್ನೊಬ್ಬರಿಗೆ) ಡೇಟಾಬೇಸ್ ಕಡೆಗೆ 30 ಕನೆಕ್ಷನ್ ಮಾತ್ರ ಬಿಟ್ಟೆವು. ಈ ವಿಧಾನದಲ್ಲಿ ಕನೆಕ್ಷನ್ ಇರುವಷ್ಟು ಹೊತ್ತೂ ಉಳಿಯುವ ಸೆಷನ್ ಮಟ್ಟದ ಅಡ್ವೈಸರಿ ಲಾಕ್ (ಅಪ್ಲಿಕೇಶನ್ ತಾನೇ ಹಾಕುವ ಬೀಗ) ನಂಬುವಂತಿಲ್ಲ. ಲಾಟಿಗೆ (ಒಟ್ಟಿಗೆ ಮಾರುವ ಅಡಿಕೆಯ ಗುಂಪಿಗೆ) ಹಾಕುತ್ತಿದ್ದ ಲಾಕನ್ನು ಟ್ರಾನ್ಸಾಕ್ಷನ್ ಮಟ್ಟಕ್ಕೆ ಬದಲಿಸಬೇಕಾಯಿತು.

ಎರಡನೇ ತೊಡಕು ಬ್ಯಾಲೆನ್ಸರ್‌ನಲ್ಲೇ ಇತ್ತು. ಲಾಗಿನ್ ಉಳಿಯಲೆಂದು ಬ್ಯಾಲೆನ್ಸರ್ ಆಗಿದ್ದ ಎಂಜಿನ್‌ಎಕ್ಸ್‌ನಲ್ಲಿ ಐಪಿ ಹ್ಯಾಶ್ ಹಾಕಿದ್ದರು, ಅಂದರೆ ಒಂದು ವಿಳಾಸದಿಂದ ಬಂದವರು ಯಾವಾಗಲೂ ಒಂದೇ ಸರ್ವರ್‌ಗೆ. ಅದು ಐಪಿವಿ4 ವಿಳಾಸದ ಮೊದಲ ಮೂರು ಭಾಗ ಮಾತ್ರ ನೋಡುತ್ತದೆ. ನಮ್ಮ ಕಡೆ ಮುಕ್ಕಾಲುವಾಸಿ ಜನ ಮೊಬೈಲ್ ಡೇಟಾದಲ್ಲಿ. ಹಲವರಿಗೆ ಒಂದೇ ವಿಳಾಸ ಹಂಚುವ ಮೊಬೈಲ್ ಕಂಪನಿಯ ನ್ಯಾಟ್ ಹಿಂದೆ ಸಾವಿರಾರು ಜನ ಕೆಲವೇ ವಿಳಾಸಗಳಿಂದ ಹೊರಬರುತ್ತಾರೆ. ಹೀಗಾಗಿ ಒಂದು ಸರ್ವರ್ ಏದುಸಿರು ಬಿಡುವಾಗ ಇನ್ನೊಂದು ಸುಮ್ಮನೆ ಕೂತಿತ್ತು. ಜೊತೆಗೆ, ಉಚಿತ ಎಂಜಿನ್‌ಎಕ್ಸ್ ಮೂಲ ಹೊಂದಿಕೆಯಲ್ಲಿ ಒಂದೇ ಕೋರಿಕೆ ಸೋತರೂ ಸರ್ವರನ್ನು 10 ಸೆಕೆಂಡು ಹೊರಗಿಡುತ್ತದೆ. ಅದರ ಭಾರ ಪಕ್ಕದ್ದರ ಮೇಲೆ, ಅದೂ ಸೋತರೆ ಮೂರನೆಯದರ ಮೇಲೆ. ಸರಣಿ ಬೀಳಲು ನಿಮಿಷವೂ ಬೇಡ. ಲಾಗಿನ್ ಸೆಷನ್‌ಗಳನ್ನು ಎಲ್ಲ ಸರ್ವರ್‌ಗಳೂ ಓದುವ ರೆಡಿಸ್ ಎಂಬ ಸಂಗ್ರಹಕ್ಕೆ ಸಾಗಿಸಿ, ಕಡಿಮೆ ಕನೆಕ್ಷನ್ ಇರುವ ಸರ್ವರ್‌ಗೆ ಕಳಿಸುವ ‘ಲೀಸ್ಟ್ ಕನೆಕ್ಷನ್’ ಹಾಕಿ, ಸೋಲಿನ ಮಿತಿಯನ್ನು 3ಕ್ಕೆ ಏರಿಸಿದ ಮೇಲೆ ಭಾರ ಸಮನಾಯಿತು. ದರಪಟ್ಟಿಯ ಪುಟಕ್ಕೆ 5 ಸೆಕೆಂಡಿನ ಕ್ಯಾಶ್ (ಸಿದ್ಧ ಪ್ರತಿ), ಒಮ್ಮೆಗೆ ಒಂದೇ ಕೋರಿಕೆ ಅದನ್ನು ಹೊಸದಾಗಿಸುವಂತೆ ಕ್ಯಾಶ್ ಲಾಕ್ ಸಹಿತ. ನನ್ನ ಅಭಿಪ್ರಾಯದಲ್ಲಿ ಇದನ್ನೇ ಎಲ್ಲಕ್ಕಿಂತ ಮೊದಲು ಮಾಡಬೇಕು. ಬರುವವರಲ್ಲಿ ಹೆಚ್ಚಿನವರಿಗೆ ದರ ನೋಡಿದರೆ ಸಾಕು, ಬಿಡ್ ಹಾಕುವ ವ್ಯಾಪಾರಿಗಳು ಕೆಲವೇ ಮಂದಿ.

ಆದರೆ ಆ ಕೆಲವರ ಬಿಡ್ ಒಂದೂ ಕಳೆಯಬಾರದು. ಬ್ಯಾಲೆನ್ಸರ್ ಕೋರಿಕೆಯನ್ನು ಹಂಚುತ್ತದೆ, ದಾಖಲೆಯನ್ನು ಕಾಯುವುದಿಲ್ಲ. ಕಾಯಲು ಕ್ಲಸ್ಟರ್, ಅಂದರೆ ಒಂದಾಗಿ ಕೆಲಸ ಮಾಡುವ ಯಂತ್ರಗಳ ಗುಂಪು ಬೇಕು. ಸಂಘದವರು ಕ್ಲಸ್ಟರ್ ಎನ್ನುತ್ತಿದ್ದದ್ದು ಎರಡು ಡೇಟಾಬೇಸ್ ಯಂತ್ರಗಳನ್ನು: ಮುಖ್ಯದ್ದು ಶಿರಸಿಯಲ್ಲಿ, ಅದರ ಬದಲಿಯಾದ ಸ್ಟ್ಯಾಂಡ್‌ಬೈ ಕಾರವಾರದಲ್ಲಿ. ಅದು ಏಕಮುಖ ನಕಲು ಮಾತ್ರ. ‘ಮುಖ್ಯದ್ದು ಕಾಣದಿದ್ದರೆ ತಾನೇ ಮುಖ್ಯವಾಗು’ ಎಂಬ ಸ್ಕ್ರಿಪ್ಟನ್ನೂ ಹಾಕುವ ಯೋಚನೆ ನಡೆದಿತ್ತು. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿದು ಕೇಬಲ್ ತುಂಡಾಯಿತೆನ್ನಿ. ಎರಡೂ ಯಂತ್ರ ಬದುಕಿರುತ್ತವೆ, ಒಂದಕ್ಕೊಂದು ಕಾಣುವುದಿಲ್ಲ, ಎರಡೂ ಬಿಡ್ ಬರೆದುಕೊಳ್ಳುತ್ತವೆ. ಸಂಜೆ ಲೈನ್ ಬಂದಾಗ ಒಂದೇ ಲಾಟಿಗೆ ಇಬ್ಬರು ಗೆದ್ದವರು. ಬೆಳೆಗಾರರ ವರ್ಷದ ದುಡಿಮೆ ಇರುವ ಕಡೆ ಇಂಥದ್ದಕ್ಕೆ ಅವಕಾಶ ಕೊಡಲೇಬಾರದು.

ಅದಕ್ಕೆ ಮೂರನೇ ಮತ ಬೇಕು. ಹುಬ್ಬಳ್ಳಿಯಲ್ಲಿ ಒಂದು ಚಿಕ್ಕ ಯಂತ್ರ ಇಟ್ಟು, ಮೂರೂ ಕಡೆ ಮತ ಎಣಿಸುವ ಎಟ್ಸಿಡಿ ಓಡಿಸಿ, ಡೇಟಾಬೇಸ್‌ಗಳನ್ನು ಯಾವುದು ಮುಖ್ಯ ಎಂದು ನೋಡಿಕೊಳ್ಳುವ ಪಟ್ರೋನಿಗೆ ಒಪ್ಪಿಸಿದೆವು. ಮೂರರಲ್ಲಿ ಎರಡು ಮತ ಇರುವ ಕಡೆಗೇ ಮುಖ್ಯ ಸ್ಥಾನ. ಮತ ಕಳೆದುಕೊಂಡ ಮುಖ್ಯ ಯಂತ್ರ ತಾನಾಗಿ ಕೆಳಗಿಳಿಯುತ್ತದೆ. ನಕಲನ್ನು ಸಿಂಕ್ರೊನಸ್ ಮಾಡಿದ್ದರಿಂದ ಪ್ರತಿ ಬಿಡ್ ಕಾರವಾರಕ್ಕೆ ಮುಟ್ಟಿದ ಮೇಲೆಯೇ ‘ಸ್ವೀಕರಿಸಲಾಗಿದೆ’ ಎಂದು ತೋರಿಸುತ್ತದೆ. ಬರಹ ಕೊಂಚ ನಿಧಾನ, ಅದನ್ನು ಒಪ್ಪಿಕೊಂಡೆವು. ಸ್ಟ್ಯಾಂಡ್‌ಬೈ ಇಲ್ಲವಾದಾಗ ಟೆಂಡರ್ ನಿಲ್ಲದಿರಲಿ ಎಂದು ‘ಸ್ಟ್ರಿಕ್ಟ್’ ವಿಧಾನ ಹಾಕಲಿಲ್ಲ.

ಟೆಂಡರ್ ಇಲ್ಲದ ಭಾನುವಾರ ಶಿರಸಿಯ ಡೇಟಾಬೇಸ್ ಯಂತ್ರದ ಕೇಬಲ್ ಕಿತ್ತು ನೋಡಲಾಯಿತು. ಈಗ ಯಾವುದು ಮುಖ್ಯ ಎಂದು ಹೇಳುವ ಪಟ್ರೋನಿಯ ಲೀಡರ್ ಕೀಲಿಯ ಆಯುಸ್ಸು 30 ಸೆಕೆಂಡು. ಅದು ಮುಗಿದೊಡನೆ ಕಾರವಾರ ಮೇಲೇರಿತು. ಡೇಟಾಬೇಸ್‌ಗಳ ಮುಂದಿರುವ ಎಚ್ಎಪ್ರಾಕ್ಸಿ ಎಂಬ ಇನ್ನೊಂದು ಬ್ಯಾಲೆನ್ಸರ್ ಪಟ್ರೋನಿಯ 8008 ಪೋರ್ಟ್ ಕೇಳಿ, 200 (ನಾನೇ ಮುಖ್ಯ) ಎಂದು ಉತ್ತರ ಕೊಟ್ಟ ಯಂತ್ರಕ್ಕೆ ಬರಹ ತಿರುಗಿಸಿತು. ನಡುವಿನ ಪರೀಕ್ಷಾ ಬಿಡ್‌ಗಳಿಗೆ ‘ಮತ್ತೆ ಪ್ರಯತ್ನಿಸಿ’ ಬಂತು, ಒಂದೂ ಅರ್ಧಕ್ಕೆ ನಿಲ್ಲಲಿಲ್ಲ. ಹಳೆಯ ಮುಖ್ಯ ಯಂತ್ರ, ಬೇರೆಯಾದ ಭಾಗವನ್ನಷ್ಟೇ ಸರಿಪಡಿಸುವ ಪಿಜಿ ರಿವೈಂಡ್ ಮೂಲಕ ಸ್ಟ್ಯಾಂಡ್‌ಬೈ ಆಗಿ ಮರಳಿತು. ಇದಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಎಂಬ ಹೊಂದಿಕೆ ಮೊದಲೇ ಆನ್ ಇರಬೇಕು. ಇಲ್ಲದಿದ್ದರೆ ಇಡೀ ಡೇಟಾಬೇಸನ್ನು ಘಟ್ಟ ಹತ್ತಿಸಿ ಮತ್ತೆ ನಕಲು ಮಾಡಬೇಕಾಗುತ್ತದೆ, ಅಷ್ಟು ಹೊತ್ತೂ ಟೆಂಡರ್ ಒಂದೇ ಯಂತ್ರದ ಮೇಲೆ ನಿಂತಿರುತ್ತದೆ.